ನೀನು ತೆಗೆದುಹಾಕಿದ ಚುಕ್ಕೆ

ಹೊನ್ನಾಳಿ
ಆಗಸ್ಟ್ ೧೯೮೯

ಅನ್ನಪೂರ್ಣಾ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಕೊನೆಗೆ ಆ ಹಾಳೆಯನ್ನೇ ಹರಿದು ಹೊಸದು ತೆಗೆದುಕೊಂಡಿದ್ದೇನೆ. ಕ್ಷೇಮ ಸಮಾಚಾರ ಕೇಳುವ ತಾಳ್ಮೆ ನನಗಿಲ್ಲ. ಹೋದ ವಾರ ಚನ್ನಗಿರಿಯ ನಿನ್ನ ಅಂಗಡಿಯಲ್ಲಿ ಗಿರಾಕಿಗಳಿದ್ದರು, ನಿನ್ನ ಅತ್ತೆ ಕೂತಿದ್ದರು, ಅದಕ್ಕೇ ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಅದನ್ನು ನನ್ನ ಒಪ್ಪಿಗೆ ಎಂದು ತಿಳಿಯಬೇಡ. ಬಸ್ಸಿನಲ್ಲಿ ಊರು ಸೇರುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಲ್ಲಿ ಆಡದೆ ಬಿಟ್ಟದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಅರ್ಧಕ್ಕೆ ಮಡಿಚಿಡಬೇಡ, ಪೂರ್ತಿ ಓದು.

ಎಂಬತ್ತಾರರಲ್ಲಿ ನಮ್ಮ ಪಾಲಿಟೆಕ್ನಿಕ್ಕಿಗೆ ಕಂಪ್ಯೂಟರ್ ಬಂದಾಗ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ನ್ಯಾಮತಿಯಿಂದ ಬಂದ ನಾನು, ಚನ್ನಗಿರಿಯಿಂದ ಬಂದ ನೀನು, ಇಬ್ಬರೂ ಆಗಷ್ಟೇ ಕೆಲಸಕ್ಕೆ ಸೇರಿದವರು. ‘ಇದಕ್ಕೆ ನಾವೇ ಅಕ್ಷರ ಕಲಿಸಾಣ’ ಎಂದವಳು ನೀನು. ಗ್ರಾಫ್ ಹಾಳೆಯ ಚೌಕ ತುಂಬಿ ತುಂಬಿ ಒಂದೊಂದೇ ಅಕ್ಷರ ಬರೆದೆವು. ನಿನಗೆ ‘ಳ’ ಒಲಿಯುತ್ತಿರಲಿಲ್ಲ, ನನಗೆ ಒತ್ತಕ್ಷರಗಳು. ಆ ಚಿತ್ರಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟೆವು, ಯಾರು ತೆರೆದರೂ ‘ಇದು ಕ, ಇದು ಖ’ ಎಂದು ಕಣ್ಣಿಗೆ ಕಾಣುವ ಹಾಗೆ. ಆಮೇಲೆ ಆ ಚಿತ್ರಗಳನ್ನು ಓದಿ, ಪ್ರಿಂಟರಿಗೆ ತಿಳಿಯುವ ಅಂಕಿಗಳ ಪಟ್ಟಿ ಮಾಡಿಕೊಡುವ ಇನ್ನೊಂದು ಪ್ರೋಗ್ರಾಮು ಬರೆದೆವು. ಚಿತ್ರ ನಮ್ಮ ಕೈಯದು, ಪಟ್ಟಿ ಯಂತ್ರದ್ದು. ಆ ಪಟ್ಟಿಯನ್ನು ನೋಡಿದರೆ ಅಂಕಿಗಳ ರಾಶಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಯಾರು ಕೇಳಿದರೂ ಪುಕ್ಕಟೆ ಕೊಡಬೇಕು, ಬೇಕಾದವರು ತಿದ್ದಿಕೊಳ್ಳಬೇಕು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬೇಕು ಎಂದು ನಿಶ್ಚಯಿಸಿದ್ದೆವು. ಜಗಳ ಬಂದದ್ದು ಫ್ಲಾಪಿಯಲ್ಲಿ ಏನೇನು ಹಾಕಬೇಕು ಎಂಬುದಕ್ಕೆ. ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಅರ್ಧ ಸಂಜೆ ಕಿತ್ತಾಡಿದ್ದೆವು. ಯಂತ್ರ ಮಾಡಿದ ಪಟ್ಟಿಯನ್ನು ಕೊಡುವುದೇ ಬೇಡ, ಚಿತ್ರ ಮತ್ತು ಪ್ರೋಗ್ರಾಮು ಕೊಟ್ಟರೆ ಅವರೇ ಮಾಡಿಕೊಳ್ಳುತ್ತಾರೆ ಎಂದು ನನ್ನ ವಾದ. ನೀನು ಒಪ್ಪಲಿಲ್ಲ. ‘ಪಟ್ಟಿ ಮಾಡಾಕೆ ಬೇಕಾದ ಸಾಮಾನು ಎಲ್ರ ಕಂಪ್ಯೂಟರಿನಾಗೂ ಇರಲ್ಲ ಕಣೆ. ಅವ್ರಿಗೆ ಇವತ್ತೇ ಅಚ್ಚಾಗ್ಬೇಕು. ಪಟ್ಟಿನೂ ಕೊಡಾಣ’ ಎಂದೆ. ನನಗೂ ಸರಿ ಎನಿಸಿತು, ಸೋತೆ. ಆದರೆ ಅದರ ಹಿಂದೆಯೇ ಕಟ್ಟಳೆ ಮಾಡಿದವಳೂ ನೀನೇ. ಪಟ್ಟಿ ಒಂದೇ ಎಂದೂ ಹೊರಗೆ ಹೋಗಕೂಡದು, ಅದರ ಜೊತೆ ಚಿತ್ರವೂ ಅದನ್ನು ಮಾಡುವ ಪ್ರೋಗ್ರಾಮೂ ಹೋಗಬೇಕು. ಪಟ್ಟಿಯನ್ನು ಯಾರೂ ಕೈಯಿಂದ ಮುಟ್ಟಕೂಡದು, ತಪ್ಪಿದ್ದರೆ ಚಿತ್ರ ತಿದ್ದಿ ಮತ್ತೆ ಮಾಡಬೇಕು. ಯಾರು ಎಲ್ಲಿ ಮಾಡಿದರೂ ಅದೇ ಪಟ್ಟಿ ಬರಬೇಕು. ‘ಇದು ಯಂತ್ರ ಮಾಡಿದ್ದು, ಇಲ್ಲಿ ತಿದ್ದಬೇಡಿ’ ಎಂಬ ಸಾಲನ್ನು ಪಟ್ಟಿಯ ತಲೆಯ ಮೇಲೆ ಟೈಪ್ ಮಾಡಿದ್ದು ನಿನ್ನ ಬೆರಳು ಅನ್ನಪೂರ್ಣಾ, ನನ್ನದಲ್ಲ. ಇದಕ್ಕೇ ನನಗೆ ಇಷ್ಟು ಸಿಟ್ಟು. ತಿಳಿಯದವರು ಮಾಡಿದ್ದರೆ ಹೇಳಿಕೊಡುತ್ತಿದ್ದೆ. ನಿನಗೆ ಏನನ್ನು ಹೇಳಿಕೊಡಲಿ?

ನೀನು ಮದುವೆಯಾಗಿ ಊರಿಗೆ ಹೋಗಿ ಕಂಪ್ಯೂಟರ್ ಅಚ್ಚಿನ ಅಂಗಡಿ ಹಾಕಿದೆ. ನಾನು ಸಂತೋಷಪಟ್ಟೆ. ಸೂಳೆಕೆರೆ ಕಡೆಯ ಮೀನುಗಾರರ ಸಂಘದವರು, ಶಾಲೆಯ ಮೇಷ್ಟರುಗಳು, ಮದುವೆ ಕಾಗದದವರು ಎಲ್ಲರೂ ನಿನ್ನಿಂದ ಫ್ಲಾಪಿ ಒಯ್ಯುತ್ತಿದ್ದಾರೆ ಎಂದು ನೀನು ಬರೆದಾಗ ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ನೀನು ಫ್ಲಾಪಿಯಲ್ಲಿ ಜಾಗ ಉಳಿಯಲಿ ಎಂದು ಚಿತ್ರಗಳನ್ನೂ ಪ್ರೋಗ್ರಾಮನ್ನೂ ಕಿತ್ತುಹಾಕಿ ಬರೀ ಪಟ್ಟಿ ಹಂಚುತ್ತಿದ್ದೀ ಎಂಬುದು ಆ ಕಾಗದದಲ್ಲಿ ಇರಲಿಲ್ಲ. ಸಣ್ಣ ಅಕ್ಷರದಲ್ಲಿ ಚುಕ್ಕೆಯು ಕೆಳಗಿನ ಗೆರೆಗೆ ತಾಗಿ ಕೊಳೆಯ ಹಾಗೆ ಕಾಣುತ್ತದೆ ಎಂದು, ಹೋದ ವಾರ ನೀನೇ ಹೇಳಿದ ಹಾಗೆ, ಯಾರೋ ಮದುವೆ ಕಾಗದದವರು ಗೊಣಗಿದಾಗ, ನೀನು ಆ ಪಟ್ಟಿಯನ್ನೇ ತೆರೆದು ಚುಕ್ಕೆಯೂ ಅದರ ಜಾಗವೂ ಅಚ್ಚಿನಿಂದ ಮಾಯವಾಗುವ ಹಾಗೆ ಅದರ ಸಾಲಿನಲ್ಲಿ ಸೊನ್ನೆ ತುಂಬಿದ್ದೂ ಇರಲಿಲ್ಲ. ಎಚ್ಚರಿಕೆಯ ಸಾಲನ್ನೂ ಅಳಿಸಿದ್ದೆ. ಅದು ಯಾಕೆ? ಅದನ್ನು ನೋಡಿದರೆ ನಿನಗೇ ಮುಜುಗರವಾಗುತ್ತಿತ್ತೇ?

ನಿನ್ನ ಫ್ಲಾಪಿ ಕೈಯಿಂದ ಕೈಗೆ ದಾಟಿ ಜಗಳೂರಿನ ಒಂದು ಅಂಗಡಿಗೆ ಹೋಯಿತು. ಬಿಳಿಚೋಡಿನ ಸುತ್ತಲಿನ ಕುರಿಗಾರರು ಕಟ್ಟಿಕೊಂಡ ಒಂದು ಸಣ್ಣ ಸಂಘವಿದೆ, ಕೊಟ್ರಬಸಪ್ಪ ಎಂಬವರು ಅದರ ಕಾರ್ಯದರ್ಶಿ. ಉಣ್ಣಿ, ಹೇನು ಸಾಯಲೆಂದು ಕುರಿಗಳನ್ನು ಅದ್ದುವ ಔಷಧಿಯ ಬಾಟಲಿಯ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತದೆ. ಕುರಿಗಾರರಿಗೆ ಕನ್ನಡದಲ್ಲಿ ಸಿಗಲಿ ಎಂದು ಆತ ಆ ಅಂಗಡಿಯಲ್ಲಿ ಒಂದು ಹಾಳೆ ಅಚ್ಚು ಹಾಕಿಸಿದರು. ಒಂದು ಲೀಟರ್ ನೀರಿಗೆ ಒಂದೂವರೆ ಮಿಲಿಲೀಟರ್. ಟೈಪ್ ಮಾಡಿದವನು ೧.೫ ಎಂದೇ ಹಾಕಿದ್ದ, ನಾನೇ ಹೋಗಿ ನೋಡಿದ್ದೇನೆ. ಸಣ್ಣ ಅಕ್ಷರದ ಕೋಷ್ಟಕದಲ್ಲಿ ಅಚ್ಚಾದದ್ದು ೧೫.

ಆ ಹಾಳೆಯನ್ನು ನಂಬಿ ಮೊದಲು ಔಷಧಿ ಕಲಸಿದವನು ಬೋರಣ್ಣ. ನೀನು ಅವನನ್ನು ನೋಡಿಲ್ಲ. ನಡುವಯಸ್ಸು ದಾಟಿದವನು, ಹೆಂಡತಿ ಅಜ್ಜಮ್ಮನ ಜೊತೆ ವಯಸ್ಕರ ಶಾಲೆಗೆ ಹೋಗಿ ಓದು ಕಲಿತವನು. ಕಲಿತ ಮೇಲೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಗೋಡೆ ಮೇಲಿನ ಬರಹ ಏನು ಕಂಡರೂ ನಿಂತು ಗಟ್ಟಿಯಾಗಿ ಓದುತ್ತಿದ್ದನಂತೆ. ಸಂಘದಿಂದ ಏನು ಬಂದರೂ ಓದಲು ಬಾರದ ಕುರಿಗಾರರು ಅವನ ಸುತ್ತ ಕೂರುತ್ತಿದ್ದರು. ಅವತ್ತೂ ಅವನು ಹಾಳೆ ಹಿಡಿದು ‘ಹದಿನೈದು’ ಎಂದು ಓದಿ, ಗೆರೆ ಹಾಕಿದ ಅಳತೆ ಲೋಟದಲ್ಲಿ ಹದಿನೈದನ್ನೇ ಅಳೆದ. ತೊಟ್ಟಿಯಲ್ಲಿ ಒಂದೊಂದೇ ಕುರಿಯನ್ನು ಎತ್ತಿ ಅದ್ದಿದ. ಮಧ್ಯಾಹ್ನದ ಹೊತ್ತಿಗೆ ಕುರಿಗಳ ಕಾಲು ನಡುಗಿದವು, ಬಾಯಲ್ಲಿ ನೊರೆ ಬಂತು, ನಿಂತಲ್ಲೇ ಕುಸಿದವು. ಗಬ್ಬದ ಕುರಿಗಳು ಮೊದಲು ಸತ್ತವು ಎಂದು ಅಜ್ಜಮ್ಮ ಹೇಳಿದಳು. ಸಂಜೆಗೆ ಹಟ್ಟಿಯಲ್ಲಿ ಅರ್ಧಕ್ಕಿಂತ ಕಡಿಮೆ ಕುರಿ ಉಳಿದಿದ್ದವು. ಬರಿಗೈಯಲ್ಲಿ ಅದ್ದಿದ್ದ ಬೋರಣ್ಣನೂ ವಾಂತಿ ಮಾಡಿಕೊಂಡು ಬಿದ್ದ. ದಾವಣಗೆರೆಗೆ ಒಯ್ದು ಉಳಿಸಿಕೊಂಡರು. ಅವನ ಕೈ ಇವತ್ತಿಗೂ ನಡುಗುತ್ತದೆ.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಊರವರು ಸೇರಿ ಕೇಳಿದಾಗ ಕೊಟ್ರಬಸಪ್ಪ ಅದೇ ಹಾಳೆಯನ್ನು ಎತ್ತಿ ಹಿಡಿದು ‘ಒಂದೂವರೆ’ ಎಂದು ಓದಿದರು. ಆತ ಸುಳ್ಳು ಹೇಳಲಿಲ್ಲ. ಆತನಿಗೆ ಅಳತೆ ಬಾಯಿಪಾಠವಾಗಿತ್ತು, ಇಲ್ಲದ ಚುಕ್ಕೆಯೂ ಕಣ್ಣಿಗೆ ಕಂಡಿತು. ‘ಸರ್ಯಾಗಿ ಓದಾಕೆ ಬರದಿದ್ರೆ ಕೇಳ್ಬೇಕಿತ್ತಪ್ಪ’ ಎಂದರು. ಎಲ್ಲರೂ ತಲೆಯಾಡಿಸಿದರು. ಬೋರಣ್ಣನೂ ತಲೆಯಾಡಿಸಿದ. ತನ್ನ ಕುರಿಗಳನ್ನು ತನ್ನ ಓದೇ ಕೊಂದಿತು ಎಂದು ನಂಬಿದ. ಅವತ್ತಿನಿಂದ ಅವನು ಏನನ್ನೂ ಓದಿಲ್ಲ. ಬಸ್ಸಿನ ಬೋರ್ಡನ್ನು ಪಕ್ಕದವರಿಗೆ ಕೇಳುತ್ತಾನೆ. ಸಂಘದಲ್ಲಿ ರುಜು ಹಾಕು ಎಂದರೆ ಹೆಬ್ಬೆಟ್ಟು ಮುಂದೆ ಮಾಡುತ್ತಾನೆ.

ಈ ಅಕ್ಷರ ಮಾಡಿದ್ದು ನಮ್ಮ ಪಾಲಿಟೆಕ್ನಿಕ್ಕಿನವರು ಎಂದು ಕೇಳಿ ತಿಳಿದು ಕೊಟ್ರಬಸಪ್ಪ ಹೊನ್ನಾಳಿಗೆ ನನ್ನನ್ನು ಹುಡುಕಿಕೊಂಡು ಬಂದದ್ದು ದೂರು ಹೇಳಲು ಅಲ್ಲ. ‘ಅಕ್ಷರ ಒಂಚೂರು ದಪ್ಪ ಮಾಡಿ ಕೊಡ್ರಿ ಮೇಡಂ, ನಮ್ಮೋರಿಗೆ ಓದಾಕೆ ಸರ್ಯಾಗಿ ಬರಲ್ಲ’ ಎಂದು ಕೇಳಿ ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ನಾನು ಓದಿದೆ. ಹದಿನೈದು. ಇನ್ನೊಮ್ಮೆ ಓದಿದೆ. ‘ಇದ್ರಾಗೆ ಹದಿನೈದು ಅಂತಾನೇ ಐತಲ್ರೀ’ ಎಂದೆ. ಆ ಮನುಷ್ಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ನಮ್ಮ ಚಿತ್ರಗಳಿಂದ ಪಟ್ಟಿಯನ್ನು ಹೊಸದಾಗಿ ಮಾಡಿದೆ, ಚುಕ್ಕೆ ಇತ್ತು. ಜಗಳೂರಿನ ಫ್ಲಾಪಿ ತರಿಸಿದೆ. ಅದರಲ್ಲಿ ಚಿತ್ರವಿಲ್ಲ, ಪ್ರೋಗ್ರಾಮಿಲ್ಲ, ಎಚ್ಚರಿಕೆಯಿಲ್ಲ. ಇದ್ದದ್ದು ಪಟ್ಟಿ, ಮತ್ತು ಕೊನೆಯಲ್ಲಿ ನಿನ್ನ ಅಂಗಡಿಯ ಹೆಸರು.

ಬಿಳಿಚೋಡಿಗೆ ಹೋದೆ. ಕೊಟ್ರಬಸಪ್ಪ ಹಟ್ಟಿಯ ಮುಂದೆ ಎಲ್ಲರನ್ನೂ ಕರೆದು ‘ತಪ್ಪು ಓದಿದೋನು ನಾನು, ಬೋರಣ್ಣ ಅಲ್ಲ’ ಎಂದು ಕೈ ಮುಗಿದರು. ಅಜ್ಜಮ್ಮ ಗೋಡೆಗೆ ಹಣೆ ಹಚ್ಚಿ ಅತ್ತಳು. ಬೋರಣ್ಣ ಮಾತ್ರ ನೆಲ ನೋಡುತ್ತ ಕೂತಿದ್ದ. ‘ನೀವೆಲ್ಲ ದೊಡ್ಡೋರು. ನನ್ ಮ್ಯಾಲಿನ ಕನಿಕರಕ್ಕೆ ಹಿಂಗೆ ಹೇಳ್ತೀರಿ’ ಎಂದ. ಹಾಳೆ ತೋರಿಸಿದರೆ ಕಣ್ಣೆತ್ತಿ ನೋಡಲಿಲ್ಲ.

ಅಲ್ಲಿಂದ ನೇರ ನಿನ್ನ ಹತ್ತಿರ ಬಂದೆ. ನೀನು ‘ಅಯ್ಯೋ, ನಡಿ ಹೋಗಾಣ’ ಎನ್ನುತ್ತೀ ಎಂದುಕೊಂಡಿದ್ದೆ. ನೀನು ಪ್ರಿಂಟರಿಗೆ ರಿಬ್ಬನ್ ಹಾಕುತ್ತ ಹೇಳಿದ್ದು ಇದು: ‘ಒಂದು ಚುಕ್ಕೆಗೆ ಇಷ್ಟು ದೂರ ಬಂದ್ಯಾ? ನಾನೇನು ಮಾರಿದ್ನಾ, ಪುಕ್ಕಟೆ ಕೊಟ್ಟಿದ್ದು. ಅಚ್ಚಾದ ಮೇಲೆ ಅವ್ರು ನೋಡ್ಕಾಬೇಕಿತ್ತು. ಚಿತ್ರ, ಪ್ರೋಗ್ರಾಮು ಅಂತ ಮೂಲ ಯಾರಿಗೆ ಬೇಕು ಹೇಳು, ಒಬ್ರಾದ್ರೂ ತೆರೆದು ನೋಡ್ತಾರಾ?’

ನೋಡುತ್ತಾರೆ. ನಿನ್ನ ಊರಿನವರೇ ಒಬ್ಬ ಮೇಷ್ಟರು, ಕುರಿ ಸಾಯುವ ಎಷ್ಟೋ ಮುಂಚೆ, ಅಂಕಪಟ್ಟಿಯಲ್ಲಿ ಚುಕ್ಕೆ ಬೀಳುತ್ತಿಲ್ಲ ಎಂದು ಕಂಡುಹಿಡಿದಿದ್ದರು. ತಾವೇ ಸರಿಮಾಡಲು ಕೂತರು. ನಿನ್ನ ಫ್ಲಾಪಿಯಲ್ಲಿ ತಿದ್ದುವಂಥದ್ದು ಏನಿತ್ತು? ಅಂಕಿಗಳ ರಾಶಿ. ಯಾವುದು ಚುಕ್ಕೆ, ಯಾವುದು ಕೊಂಬು ಎಂದು ಆ ಮನುಷ್ಯ ಹೇಗೆ ತಿಳಿಯಬೇಕಿತ್ತು? ಕೊನೆಗೆ ಪ್ರತಿ ಹಾಳೆಯ ಮೇಲೂ ಪೆನ್ನಿನಿಂದ ಚುಕ್ಕೆ ಇಟ್ಟು ಮುಗಿಸಿದರು. ಅವತ್ತಿನ ಗಿರಾಕಿಗಳಲ್ಲಿ ಅವರೂ ಇದ್ದರು, ನಮ್ಮ ಮಾತು ಕೇಳಿಸಿಕೊಂಡು, ನಾನು ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಇದನ್ನು ಹೇಳಿದರು. ಚಿತ್ರದ ಫೈಲು ಜೊತೆಗಿದ್ದಿದ್ದರೆ ಅವರು ಅವತ್ತೇ ತಿದ್ದುತ್ತಿದ್ದರು. ತಿದ್ದಿದ್ದು ಕೈಯಿಂದ ಕೈಗೆ ದಾಟಿ ಜಗಳೂರಿಗೂ ಹೋಗುತ್ತಿತ್ತು. ನೀನು ಬರೀ ಚುಕ್ಕೆ ತೆಗೆಯಲಿಲ್ಲ, ಅದನ್ನು ತಿರುಗಿ ಇಡಬಹುದಾದವರ ಕೈಯನ್ನೂ ಕಟ್ಟಿದೆ. ಪುಕ್ಕಟೆ ಕೊಟ್ಟೆ ಎಂದು ಇನ್ನೊಮ್ಮೆ ನನ್ನ ಮುಂದೆ ಅನ್ನಬೇಡ. ಪುಕ್ಕಟೆ ಎಂದು ಕೈಚಾಚಿದವರು ನಮ್ಮನ್ನು ನಂಬಿದ್ದರು.

ನನಗೆ ಗೊತ್ತಿದ್ದ ಕಡೆಗೆಲ್ಲ ಹೋಗಿ ಹಳೆಯ ಫ್ಲಾಪಿ ಕಿತ್ತುಕೊಂಡು, ಚಿತ್ರ, ಪ್ರೋಗ್ರಾಮು, ಪಟ್ಟಿ ಮೂರೂ ಇರುವುದನ್ನು ಕೊಟ್ಟು ಬಂದಿದ್ದೇನೆ. ಜಾಗ ಸಾಲದಿದ್ದಲ್ಲಿ ಎರಡು ಫ್ಲಾಪಿ ಕೊಟ್ಟೆ. ನಿನ್ನಿಂದ ಯಾರು ಯಾರು ಒಯ್ದರೋ ನನಗೆ ತಿಳಿಯದು. ಅದನ್ನು ನೀನೇ ಮಾಡಬೇಕು, ಬೈದಾದರೂ ಮಾಡಿಸುತ್ತೇನೆ.

ಇನ್ನೊಂದು ಕೆಲಸ ಮಾತ್ರ ನನ್ನಿಂದ ಆಗುವುದಿಲ್ಲ. ಮೊನ್ನೆ ಮತ್ತೆ ಬಿಳಿಚೋಡಿಗೆ ಹೋಗಿದ್ದೆ. ಹೊರಡುವಾಗ ಬೋರಣ್ಣ ತಾನಾಗಿ ಕೇಳಿದ: ‘ಆ ಚುಕ್ಕೆ ತೆಗ್ದೋರು ಯಾರವ್ವ?’ ನನ್ನ ಗೆಳತಿ ಎಂದೆ. ‘ಓದಿದೋರಾ?’ ಹೌದು, ನನಗಿಂತ ಹೆಚ್ಚು ಎಂದೆ. ಬೈಯುತ್ತಾನೆ ಎಂದು ಕಾದೆ. ‘ಅವ್ರಿಗೆ ನನ್ ಮ್ಯಾಲೆ ಕನಿಕರ ಇರಲ್ಲ. ಅವ್ರು ಬಂದು ಆ ಹಾಳೆ ನನ್ ಮುಂದೆ ಓದ್ಲಿ. ಅವ್ರ ಬಾಯಾಗೂ ಹದಿನೈದು ಅಂತ ಬಂದ್ರೆ, ನಂಗೆ ಓದಾಕೆ ಬರ್ತೈತೆ ಅಂತ ನಂಬ್ತೀನಿ’ ಎಂದ.

ಇಷ್ಟನ್ನೇ ಅವನು ಕೇಳಿದ್ದು ಅನ್ನಪೂರ್ಣಾ. ಕುರಿ ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬಾ. ಅವನ ಎದುರು ನೆಲದ ಮೇಲೆ ಕೂತು, ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಆ ಸಾಲು ಓದು.

ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬರುವ ಭಾನುವಾರ ಬೆಳಿಗ್ಗೆ ನಿಂತಿರುತ್ತೇನೆ. ನೀನು ಬಂದು ಇಳಿದರೆ ಮುಂದಿನ ಕಾಗದದಲ್ಲಿ ನಿನ್ನ ಹೆಸರಿನ ಮುಂದೆ ಮೊದಲಿನ ಹಾಗೆಯೇ ‘ಪ್ರೀತಿಯ’ ಎಂದು ಬರೆಯುತ್ತೇನೆ. ಬಾರದಿದ್ದರೆ ಇದೇ ನನ್ನ ಕಡೆಯ ಕಾಗದ. ನಿನ್ನ ಮಗುವಿಗೆ ನನ್ನ ಆಶೀರ್ವಾದ, ಅದು ಚೆನ್ನಾಗಿ ಓದಲಿ. ನಿನಗೆ ಹೇಳಬೇಕಾದ ಒಳ್ಳೆಯ ಮಾತನ್ನು, ನೀನು ಆ ಸಾಲು ಓದಿದ ಮೇಲೆ, ಬಿಳಿಚೋಡಿನಿಂದ ತಿರುಗಿ ಬರುವಾಗ ಹೇಳುತ್ತೇನೆ.

ಇಂತು ಸಿಟ್ಟಿನಲ್ಲಿರುವ,
ನಿರ್ಮಲಾ