ಶಾಂತಲಾ ಮಾಡಿದ ಜರಡಿ

ನವೆಂಬರ್ 11, ಸೋಮವಾರ
ಇವತ್ತೂ ಗುತ್ತೂರಿನಿಂದ ಬಸ್ಸಿನಲ್ಲಿ ನಿಂತೇ ಬಂದೆ. ದಾವಣಗೆರೆ ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಮುಗಿದಿತ್ತು. ಎಂಟನೇ ತರಗತಿಯವರು ಪ್ರಾಜೆಕ್ಟ್ ತಂದಿದ್ದರು — ಎಲ್ಲ ಜ್ವಾಲಾಮುಖಿ, ಎಲ್ಲ ಒಂದೇ ಅಂಗಡಿಯವು. ವಾಪಸ್ ಕಳಿಸಿದೆ. ಮನೆಯಲ್ಲಿ ಯಾರ ಮೈ ನೋಯುತ್ತದೋ ನೋಡಿ, ಅದಕ್ಕೊಂದು ಯಂತ್ರ ಮಾಡಿ ಎಂದೆ.
ಕೈ ಎತ್ತಿದ್ದು ಶಾಂತಲಾ ಒಬ್ಬಳೇ. ತಂದೆ ಇಲ್ಲ. ತಾಯಿ ಯಲ್ಲಕ್ಕ ಇನ್ನೂ ಮೂವರ ಜೊತೆ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುತ್ತಾಳೆ — ಹುರಿದ ಮಂಡಕ್ಕಿಯಿಂದ ಕಾದ ಮರಳು ಬೇರೆ ಮಾಡುವ ಕೆಲಸ. ಸೊಂಟ ಬಿದ್ದುಹೋಗಿದೆಯಂತೆ.

ನವೆಂಬರ್ 19
ಶಾಂತಲಾಳ ಯಂತ್ರ: ಗುಜರಿಯ ಸೈಕಲ್ ಪೆಡಲ್, ಚೈನ್. ಕಿಟಕಿಯ ಜಾಲರಿ ಸುತ್ತಿ ಡ್ರಮ್. ಚೈನ್ ಮತ್ತೆ ಮತ್ತೆ ಕಳಚಿತು. ಅತ್ತಳು. ನಾನು ಮುಟ್ಟಲಿಲ್ಲ — ಕಲಿಯುವವಳ ಕೈಯಿಂದ ಸೋಲನ್ನು ಕಿತ್ತುಕೊಳ್ಳಬಾರದು. ಸಂಜೆ ಡ್ರಮ್ಮನ್ನು ಓರೆ ಮಾಡಿ, ಚೈನ್ ಬಿಗಿದಳು. ಮರಳು ಕೆಳಗೆ, ಮಂಡಕ್ಕಿ ಉರುಳುತ್ತ ಆ ತುದಿಗೆ. ಇಬ್ಬರೂ ನಕ್ಕೆವು.

ಡಿಸೆಂಬರ್ 2
ಚಾರ್ಟ್ ಬರೆಸಿದೆ. ‘ಉಪಯೋಗಗಳು’ ಎಂಬಲ್ಲಿ ‘ಅಮ್ಮನ ಸೊಂಟ ನೋಯುವುದಿಲ್ಲ’ ಎಂದಿತ್ತು. ಹೊಡೆದುಹಾಕಿದೆ. ತೀರ್ಪುಗಾರರಿಗೆ ಲೆಕ್ಕ ಬೇಕು. ದಪ್ಪ ಅಕ್ಷರದಲ್ಲಿ: ‘ನಾಲ್ವರ ಕೆಲಸ ಒಬ್ಬರಿಂದ.’
“ಉಳ್ದೋರು ಏನ್ ಮಾಡ್ತಾರ್ರಿ ಮಿಸ್?”
ಓದುತ್ತಾರೆ, ಸಂಘ ಕಟ್ಟುತ್ತಾರೆ ಎಂದೆ. ನಾನು ಓದುವ ಕಾರ್ಮಿಕ ಚಳವಳಿಯ ಕಿರುಹೊತ್ತಿಗೆಗಳು ಹಾಗೇ ಹೇಳುತ್ತವೆ. ತಲೆಯಾಡಿಸಿದಳು.

ಡಿಸೆಂಬರ್ 5, ಹರಿಹರ
ವಸ್ತುಪ್ರದರ್ಶನ. ಎರಡನೇ ಬಹುಮಾನ. ಮೊದಲನೆಯದು ಕಿಟ್ ತರಿಸಿ ಜೋಡಿಸಿದ ರೋಬೋಟ್‌ಗೆ. ಬ್ಯಾಟರಿ ಎಲ್ಲಿದೆ ಎಂದು ಆ ಹುಡುಗನಿಗೇ ಗೊತ್ತಿಲ್ಲ. ಇರಲಿ. ಷೀಲ್ಡ್ ಕೊಡಿಸಿದ್ದು ಮುರುಗೇಶಪ್ಪ — ಯಲ್ಲಕ್ಕ ದುಡಿಯುವ ಭಟ್ಟಿಯ ಮಾಲೀಕರು. ಪೆಡಲ್ ತಾವೇ ತಿರುಗಿಸಿದರು. ಚಾರ್ಟ್ ಎರಡು ಸಲ ಓದಿದರು. ಇದನ್ನು ದೊಡ್ಡದಾಗಿ ಮಾಡಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಶಾಂತಲಾ, ಬರುತ್ತದೆ ಎಂದಳು. ನನಗೆ ಹೆಮ್ಮೆ… ಸೀಟು ಸಿಕ್ಕರೂ ಬಸ್ಸಿನಲ್ಲಿ ಕೂರಲಾಗಲಿಲ್ಲ.

ಡಿಸೆಂಬರ್ 21
ಭಟ್ಟಿಯಲ್ಲಿ ದೊಡ್ಡ ಜರಡಿ ಕೂತಿತು. ವಾರವೆಲ್ಲ ಎದುರು ನಿಂತು ಮಾಡಿಸಿದ್ದು ಶಾಂತಲಾ. ಶಾಲೆಗೆ ರಜೆ ಕೊಡಿಸಿದ್ದು ನಾನು.

ಡಿಸೆಂಬರ್ 24
ಜರಡಿಯ ನಾಲ್ವರನ್ನೂ ಕೆಲಸ ಬಿಡಿಸಿದ್ದಾರೆ. ಯಲ್ಲಕ್ಕ ಶಾಲೆಗೆ ಬಂದು ಬಾಗಿಲಲ್ಲೇ ನಿಂತಳು. ಕೂಗಾಡಲಿಲ್ಲ.
“ಸೊಂಟ ಆರಾಮೈತ್ರಿ ಮಿಸ್. ಈಗ ಕೂಡಾದೇ ಕೆಲ್ಸ. ಉಳ್ದ ಮೂವರೂ ನಮ್ಮನಿ ಮುಂದೇ ಕುಂತಾರೆ, ನಿನ್ ಮಗಳು ಹೊರಗ್ ಬರ್ಲಿ ಅಂತ.”
ಭಟ್ಟಿಗೆ ಓಡಿದೆ. ಅನ್ಯಾಯ, ಶೋಷಣೆ — ಬಾಯಿಗೆ ಬಂದದ್ದೆಲ್ಲ ಅಂದೆ. ಮುರುಗೇಶಪ್ಪ ಚಾ ತರಿಸಿದರು.
“ಕೂಡ್ರಿ ಮೇಡಂ. ನೀವೇ ಬರೆಸಿದ್ರಿ. ನಾ ಓದಿದೆ, ಅಷ್ಟೇ.”

ಜನವರಿ 9
ಕ್ರಿಸ್‌ಮಸ್ ರಜೆ ಮುಗಿದು ವಾರವಾದರೂ ಶಾಂತಲಾ ಬರಲಿಲ್ಲ. ಹುಡುಕಿಕೊಂಡು ಹೋದರೆ ಭಟ್ಟಿಯಲ್ಲಿದ್ದಳು. ಚಾರ್ಟಿನ ಆ ‘ಒಬ್ಬರು’ ಇವಳೇ. ಚೈನ್ ಕಳಚಿದರೆ ಹಾಕಲು ಇವಳಿಗಷ್ಟೇ ಗೊತ್ತು, ಅದಕ್ಕೇ ಇಟ್ಟುಕೊಂಡಿದ್ದಾರೆ. ತಾಯಿಯ ಕೂಲಿಯಲ್ಲಿ ಅರ್ಧ. ಹದಿಮೂರು ವರ್ಷ. ರೆಪ್ಪೆಯ ಮೇಲೂ ಮಸಿ.
ಇದು ಕಾನೂನಿಗೆ ವಿರುದ್ಧ, ನಾಳೆಯೇ ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ ಎಂದೆ. ಕೈ ನಿಲ್ಲಿಸಲಿಲ್ಲ ಅವಳು.
“ಕೊಡ್ರಿ. ಆಮೇಲೆ ನಮ್ಮನಿಗೆ ಬಂದು ಒಲೆ ಮೇಲೆ ಏನ್ ಇಡ್ಬೇಕು ಅಂತ ಹೇಳ್ರಿ.”
ಡ್ರಮ್ ತಿರುಗಿಸುತ್ತಲೇ, “ಆಚೆ ಸರೀರಿ ಮಿಸ್. ಮರಳು ಬಿಸಿ ಐತೆ.”

ಜನವರಿ 10
ಹೋದೆ. ತಪ್ಪು ತಪ್ಪೇ — ಒಂದು ಮನೆಯ ಹಸಿವು ನೋಡಿ ಬಿಟ್ಟರೆ ಎಲ್ಲ ಭಟ್ಟಿಗಳಲ್ಲೂ ಮಕ್ಕಳೇ ನಿಲ್ಲುತ್ತಾರೆ. ದಾರಿಯುದ್ದ ಇದನ್ನೇ ಹೇಳಿಕೊಂಡೆ.
ಇಲಾಖೆಯ ಬಾಗಿಲಲ್ಲಿ ಯಲ್ಲಕ್ಕ. ಮಗಳು ಹೇಳಿದ್ದಿರಬೇಕು. ನನ್ನನ್ನು ಕಂಡು ಎದ್ದಳು, ಎರಡೂ ಕೈ ಚೌಕಟ್ಟಿಗೆ ಕೊಟ್ಟು ಅಡ್ಡ ನಿಂತಳು. ಒಳಗಿನ ಗುಮಾಸ್ತ ತಲೆಯೆತ್ತಿ ನೋಡಿದ.
ಬಿಡು ಯಲ್ಲಕ್ಕ ಎಂದೆ. ಬಿಡಲಿಲ್ಲ. ಭುಜಕ್ಕೆ ಕೈ ಹಾಕಿದೆ. ಎಷ್ಟು ಹಗುರ… ಪಕ್ಕಕ್ಕೆ ತಳ್ಳಿ ಒಳಗೆ ಹೋದೆ, ದೂರು ಬರೆದುಕೊಟ್ಟೆ.