ನೀಲಿ ಟ್ಯಾಂಕಿನ ತಳ

೮ ಫೆಬ್ರವರಿ ೨೦೦೪, ಭಾನುವಾರ. ಮಧ್ಯಾಹ್ನ ೩

ಬೆಳಿಗ್ಗೆಯಿಂದ ಎರಡು ಸಲ ಎಲೆ ತೆಗೆದಾಯಿತು. ಸಿಲ್ವರ್ ಓಕ್ ಉದುರುವುದು ನಿಲ್ಲುವುದೇ ಇಲ್ಲ. ಬಿದಿರಿಗೆ ಹಳೆಯ ಸೊಳ್ಳೆಪರದೆ ಕಟ್ಟಿಕೊಂಡು ಎಳೆಯುತ್ತೇನೆ. ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತೇ. ನಿಂತರೆ ತಲೆ ತಿರುಗುತ್ತದೆ. ಈಜು ಬರುವುದಿಲ್ಲ.

ಎಲ್ಲರೂ ಸ್ವಿಮ್ಮಿಂಗ್ ಪೂಲ್ ಅನ್ನುತ್ತಾರೆ. ನನಗದು ಟ್ಯಾಂಕೇ. ಕಾಫಿ ಹೂ ಬಿಡುವ ಮುಂಚೆ ಗಿಡಕ್ಕೆ ಸ್ಪ್ರಿಂಕ್ಲರ್ ಹೊಡೆಯಲು ಹಳ್ಳದ ನೀರು ತುಂಬಿಸಿಡುತ್ತಿದ್ದ ಟ್ಯಾಂಕು. ಹೋದ ವರ್ಷ ಹೋಂಸ್ಟೇ ಶುರುವಾದ ಮೇಲೆ ಒಳಗೆ ನೀಲಿ ಟೈಲ್ಸ್ ಕೂರಿಸಿ ಏಣಿ ಇಟ್ಟರು. ತಳದಲ್ಲಿ ಸ್ಪ್ರಿಂಕ್ಲರ್ ಮೋಟಾರಿಗೆ ಹೋಗುವ ಪೈಪಿನ ಬಾಯಿ ಹಾಗೇ ಇದೆ. ನಾಲ್ಕು ಇಂಚು. ಮಾವ ಮುಚ್ಚಿಸಲಿಲ್ಲ.

"ಒಂದೇ ನೀರು, ಎರಡು ಕೆಲಸ. ಗಿಡಕ್ಕೆ ಹೋದಷ್ಟು ಹೊಸ ನೀರು ಹಳ್ಳದಿಂದ ಬಂದು ಬೀಳ್ತದೆ. ಮತ್ತೆ ಫಿಲ್ಟರ್ ಯಾಕೆ?" ಎಂದು ಗೆಸ್ಟುಗಳಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಪಂಪ್ ನೋಡಿಕೊಳ್ಳುವ ಕೆಂಪಯ್ಯನಿಗೆ ನಗು. "ಬ್ಲೀಚಿಂಗ್ ಪೌಡರ್ ನೀರು ಕುಡಿದ್ರೆ ಹೂವು ಬೆಳ್ಳಗೆ ಬಿಡ್ತದೆ ಯಜಮಾನ್ರೆ."

"ಕಾಫಿ ಹೂವು ಮೊದ್ಲು ಕೆಂಪಿತ್ತೇನೋ?"

ಮಾವನೂ ನಕ್ಕರು. ಒಳಗಿಂದ ನಾನೂ.

೧೧ ಫೆಬ್ರವರಿ

ಮಂಗಳೂರಿನಿಂದ ಕುಮಾರ್ ಅಂತ ಒಬ್ಬರು ಬಂದಿದ್ದರು. ಪೂಲಿನ ಸಾಮಾನು ಮಾರುವವರು. ದೊಡ್ಡ ಬಣ್ಣದ ಪುಸ್ತಕ. ನೀರಿನೊಳಗೆ ಉರಿಯುವ ದೀಪ – ಕೆಂಪು, ಹಸಿರು, ನೇರಳೆ. ಕಲ್ಲಿನ ಮೇಲಿಂದ ಬೀಳುವ ಜಲಪಾತ. ನೀರು ಬಿಸಿ ಮಾಡುವ ಯಂತ್ರ. ಹೊಸ ಫಿಲ್ಟರ್. ಸುತ್ತ ಬೇಲಿ, ತಾನಾಗಿ ಮುಚ್ಚುವ ಗೇಟು. ಕೊನೇ ಪುಟದಲ್ಲಿ ತಳಕ್ಕೆ ಹಾಕುವ ಗುಮ್ಮಟದಂಥ ಜಾಲರಿ, ಬಣ್ಣವಿಲ್ಲದ ಚಿತ್ರ.

ಮಾವ ಒಂದು ಲಕ್ಷಕ್ಕಿಂತ ಒಂದು ರೂಪಾಯಿ ಹೆಚ್ಚು ಹಾಕುವುದಿಲ್ಲ ಅಂದರು. ಅದರೊಳಗೆ ಯಾವುದು ಬೇಕೋ ಆರಿಸಬೇಕು. ಲಿಸ್ಟ್ ಬಿಟ್ಟು ಹೋಗಿದ್ದಾರೆ. ಇವರಿಗೆ ದೀಪದ ಮೇಲೆ ಕಣ್ಣು. (ಗಂಡನ ಹೆಸರು ಬರೆಯಲು ಕೈ ಬರುವುದಿಲ್ಲ. ಡೈರಿಯಲ್ಲೂ ಇವರೇ.)

ಕಾಫಿ ಕೊಡಲು ಹೋದಾಗ ಕುಮಾರ್ ಕೊನೇ ಪುಟ ತೋರಿಸುತ್ತಿದ್ದರು. "ಇದೂ ಒಂದು ಇರ್ಲಿ ಸಾರ್, ಸೇಫ್ಟಿಗೆ." ಮಾವ ಪುಟ ಮಗುಚಿದರು. "ನೀರಿನ ತಳ ಯಾವ ಗೆಸ್ಟ್ ನೋಡ್ತಾನೆ ಮಾರಾಯ?"

೧೪ ಫೆಬ್ರವರಿ. ಬೆಳಿಗ್ಗೆ ೧೧

ಇವತ್ತು ಅಕ್ಷರ ಸೊಟ್ಟ.

ದಂಡೆ ತೊಳೆಯುತ್ತಿದ್ದೆ. ಎಲೆ ತುಂಬಿದ ಕುಕ್ಕೆ ಜಾರಿ ನೀರಿಗೆ ಬಿತ್ತು. ಮೆಲ್ಲಗೆ ಮುಳುಗುತ್ತಿತ್ತು. ಆಗ ಪಂಪ್‌ಮನೆಯಲ್ಲಿ ಮೋಟಾರ್ ತಾನಾಗಿ ಶುರುವಾಯಿತು. ಅಲ್ಲಿ ಯಾರೂ ಇರಲಿಲ್ಲ. ಕುಕ್ಕೆ ಒಮ್ಮೆ ಸುತ್ತಿತು. ಸರ್ರನೆ ತಳಕ್ಕೆ ಹೋಗಿ ಪೈಪಿನ ಬಾಯಿಗೆ ಅಂಟಿತು. ಯಾರೋ ಕೆಳಗಿಂದ ಎಳೆದುಕೊಂಡ ಹಾಗೆ.

ಇವರೂ ಕೆಂಪಯ್ಯನೂ ದೋಟಿ ಹಾಕಿ ಎಳೆದರು. ಇಬ್ಬರು ಗಂಡಸರು. ಅಲ್ಲಾಡಲಿಲ್ಲ. ಮೋಟಾರ್ ಆಫ್ ಮಾಡಿದ ಮೇಲೆ ಕುಕ್ಕೆ ತೇಲಿ ಬಂತು. ತಳ ಒಡೆದು ಒಳಕ್ಕೆ ಹೋಗಿತ್ತು.

"ಬಾಯಿಗೆ ಜಾಲರಿ ಇತ್ತಲ್ಲ?" ಇವರು ಕೇಳಿದರು.

"ಎಲೆ ಕಟ್ಟಿಕೊಳ್ತದೆ ಅಂತ ತೆಗೆದು ಎರಡು ವರ್ಷ ಆಯ್ತು ಬಿಡಿ."

"ಮೋಟಾರ್ ಯಾರು ಹಾಕಿದ್ದು?"

"ಆಟೊ ಅಲ್ದಾ? ತ್ರೀ ಫೇಸ್ ಯಾವ ಹೊತ್ತಿಗೆ ಕೊಡ್ತಾರೋ ದೇವ್ರಿಗೇ ಗೊತ್ತು. ಕರೆಂಟ್ ಬಂದ್ರೆ ತಾನೇ ಏಳ್ತದೆ."

ಇಬ್ಬರೂ ಒಡೆದ ಕುಕ್ಕೆ ತಲೆಗೆ ಇಟ್ಟುಕೊಂಡು ನಕ್ಕರು. ನನಗೆ ಕುಕ್ಕೆ ಕಾಣಲಿಲ್ಲ. ಮಗಳು ದಿವ್ಯಾಳ ಬೆನ್ನು ಕಂಡಿತು. ಅವಳಿಗೆ ಆರು ವರ್ಷ. ಅವಳ ಬೆನ್ನು ಆ ಕುಕ್ಕೆಯಷ್ಟೇ ಅಗಲ.

೧೫ ಫೆಬ್ರವರಿ

ದಿವ್ಯಾ ಈಗ ತಳ ಮುಟ್ಟಿ ಬರುವುದು ಕಲಿತಿದ್ದಾಳೆ. ಗೆಸ್ಟುಗಳು ಒಂದು ರೂಪಾಯಿ ಎಸೆಯುತ್ತಾರೆ. ಇವಳು ಮುಳುಗಿ ತರುತ್ತಾಳೆ. "ಅಮ್ಮಾ, ಎಣಿಸು! ಇಪ್ಪತ್ತು ಎಣಿಸು!" ಅನ್ನುತ್ತಾಳೆ. ನಾನು ಏಳಕ್ಕೇ ಕೂಗಿಬಿಡುತ್ತೇನೆ. ಜಡೆ ಅವಳ ಹಿಂದೆ ಹಾವಿನ ಹಾಗೆ ಬರುತ್ತದೆ.

ಇವರಿಗೆ ಹೇಳಿದೆ.

"ಎಂಥ ಹೆದರಿಕೆ ಮಾರಾಯ್ತಿ ನಿಂಗೆ. ಮಕ್ಕಳು ಇಳಿಯೋವಾಗ ಕೆಂಪಯ್ಯ ಆಫ್ ಮಾಡ್ತಾನೆ."

"ಮರೆತರೆ?"

"ನೀನು ಕುಕ್ಕೆ ಬೀಳಿಸದಿದ್ರೆ ಈ ಮಾತೇ ಇರ್ಲಿಲ್ಲ."

ಮಾವನಿಗೆ ಹೇಳಬೇಕು. ಅವರೆದುರು ನನ್ನ ಮಾತು ಮೂರು ಶಬ್ದ ದಾಟುವುದಿಲ್ಲ. ಮದುವೆಯಾಗಿ ಎಂಟು ವರ್ಷ. ಅವರು ಪೇಪರ್ ಓದಿ ಅಭಿಪ್ರಾಯ ಕೇಳುವುದು ಮಗನನ್ನು. ನಾನು ಸಂಸೆ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಮೋಟಾರಿನ ವಿಷಯ ನಾನು ಹೇಳಿದರೆ…

೧೮ ಫೆಬ್ರವರಿ

ಇವತ್ತು ಒಂದು ಕೆಲಸ ಮಾಡಿದೆ. ಯಾರಿಗೂ ಗೊತ್ತಿಲ್ಲ.

ಮೂರು ಫ್ಯೂಸಿನಲ್ಲಿ ಒಂದು ಕಿತ್ತರೂ ಮೋಟಾರ್ ಏಳುವುದಿಲ್ಲ ಎಂದು ಕೆಂಪಯ್ಯ ಯಾವಾಗಲೋ ಹೇಳಿದ್ದ. ಮಕ್ಕಳು ನೀರಿಗೆ ಇಳಿಯುವ ಮೊದಲು ಪಂಪ್‌ಮನೆಗೆ ಹೋಗಿ ಒಂದನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಬಿಳೀ ಪಿಂಗಾಣಿ. ಮುಟ್ಟುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಸಾಸಿವೆ ಡಬ್ಬಿಯಲ್ಲಿ ಇಟ್ಟೆ. ಮಕ್ಕಳು ಎದ್ದ ಮೇಲೆ ವಾಪಸ್ಸು ಸಿಕ್ಕಿಸಿದೆ.

ದಿವ್ಯಾ ಇಪ್ಪತ್ತು ಎಣಿಸು ಅಂದಳು. ಎಣಿಸಿದೆ.

೨೨ ಫೆಬ್ರವರಿ, ಭಾನುವಾರ

ಊಟಕ್ಕೆ ಕೂತಾಗ ಲಿಸ್ಟ್ ತೆಗೆದರು. ನಾನು ಬಡಿಸುತ್ತಿದ್ದೆ.

ಬಿಸಿ ನೀರಿನ ಯಂತ್ರ ಬೇಡ. ಎರಡು ತಿಂಗಳ ಚಳಿಗೆ ಅಷ್ಟು ಕರೆಂಟು ಸುಡುವುದು ದಂಡ ಎಂದರು ಮಾವ. ಸರಿಯೇ. ಫಿಲ್ಟರ್ ಬೇಡ, ನೀರು ಹೊಸದಾಗುತ್ತದಲ್ಲ. ಬೇಲಿ ಬೇಡ, ಫೋಟೋದಲ್ಲಿ ದನದ ಕೊಟ್ಟಿಗೆ ಥರ ಕಾಣುತ್ತದೆ ಎಂದರು ಇವರು. ದೀಪ ಮತ್ತು ಜಲಪಾತ. ಅದೇ ನಿಂತಿತು. ಗೆಸ್ಟ್ ನೋಡುವುದು ಅದನ್ನೇ.

ತಳದ ಜಾಲರಿಯ ಸಾಲನ್ನು ಯಾರೂ ಓದಲೂ ಇಲ್ಲ. ಇಡೀ ಲಿಸ್ಟಿನಲ್ಲಿ ಅದೇ ಅಗ್ಗದ್ದು.

"ಮಾವ, ತಳದ್ದು…" ಅಂದೆ.

ಇಬ್ಬರೂ ನೋಡಿದರು. ದಿವ್ಯಾ ಕೂಡ.

"ಏನಮ್ಮ ರುದ್ರಾಣಿ?"

ಸೌಟು ಅನ್ನದ ಪಾತ್ರೆಗೆ ಹಾಕಿದೆ. "ತಳದ್ದು… ಅನ್ನ ಸ್ವಲ್ಪ ಸೀದಿದೆ. ಮೇಲಿಂದು ಹಾಕ್ಲಾ?"

"ಹಾಕಮ್ಮ."

ಹಾಕಿದೆ. ಒಳಗೆ ಹೋಗಿ ಸಾಸಿವೆ ಡಬ್ಬಿ ಮುಟ್ಟಿ ಬಂದೆ. ಈಗ ಅದೇ ದೇವರ ಗೂಡಾಗಿದೆ.

೨೭ ಫೆಬ್ರವರಿ

ಅನಾಹುತ. ನಾನೇ ಮಾಡಿದ್ದು.

ನಿನ್ನೆ ಸಂಜೆ ಗೆಸ್ಟಿಗೆ ಅಕ್ಕಿರೊಟ್ಟಿ ಮಾಡುವ ಗಡಿಬಿಡಿಯಲ್ಲಿ ಫ್ಯೂಸ್ ವಾಪಸ್ಸು ಹಾಕುವುದು ಮರೆತೆ. ಮೊಗ್ಗು ಬಲಿತು ನೀರಿಗೆ ಕಾಯುತ್ತಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ತ್ರೀ ಫೇಸ್ ಬಂದಿತ್ತಂತೆ, ಮೋಟಾರ್ ಓಡಲಿಲ್ಲ. ತೋಟದ ಒಂದು ಇಡೀ ಬ್ಲಾಕಿನ ನೀರು ತಪ್ಪಿತು.

ಕಣದಲ್ಲಿ ಆಳುಗಳೆದುರೇ ಮಾವ ಕೆಂಪಯ್ಯನನ್ನು ನಿಲ್ಲಿಸಿ ಬೈದರು. "ಫ್ಯೂಸ್ ಎಲ್ಲಿ ಮಾರಿದೆ? ಬಾಳೂರಲ್ಲೋ ಕೊಟ್ಟಿಗೆಹಾರದಲ್ಲೋ? ಎಷ್ಟು ಕುಡಿದೆ?"

"ನಾನು ತೆಗಿಲಿಲ್ಲ ಯಜಮಾನ್ರೆ. ಮಕ್ಕಳಾಣೆ."

ಕಿಟಕಿಯಲ್ಲಿ ನಿಂತಿದ್ದೆ. ಡಬ್ಬಿ ಕೈಯಲ್ಲೇ ಇತ್ತು. ಎರಡು ಹೆಜ್ಜೆ ಮುಂದಿಟ್ಟೆ, ಬಾಗಿಲವರೆಗೆ. ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತೆ. ಇಪ್ಪತ್ತು ವರ್ಷದಿಂದ ಈ ಮನೆಯ ಮೋಟಾರ್ ನೋಡಿಕೊಂಡವನು. ತಲೆ ತಗ್ಗಿಸಿ ಹೋದ.

ಮಧ್ಯಾಹ್ನ ಯಾರೂ ಇಲ್ಲದಾಗ ಫ್ಯೂಸ್ ಪಂಪ್‌ಮನೆಯ ನೆಲದ ಮೂಲೆಯಲ್ಲಿ ಇಟ್ಟು ಬಂದೆ. ಬಿದ್ದು ಹೋಗಿತ್ತು ಅಂದುಕೊಳ್ಳಲಿ.

೧ ಮಾರ್ಚ್

ಸಿಕ್ಕಿತಂತೆ. ಇಲಿ ಎಳೆದಿರಬೇಕು ಎಂದು ಇವರು. ಕೆಂಪಯ್ಯ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುತ್ತಾ, "ಇನ್ನು ಆ ಮೋಟಾರ್ ತಪ್ಪೋದಿಲ್ಲ ಅಮ್ಮಾವ್ರೆ. ದಿನಕ್ಕೆ ನಾಲ್ಕು ಸಲ ಹೋಗಿ ನೋಡ್ತೀನಿ" ಅಂದ. ಕಣ್ಣು ಕೆಂಪಗಿತ್ತು.

ಕೀಳುವುದನ್ನು ಬಿಡಲಾರೆ. ಇನ್ನೂ ಎಚ್ಚರದಿಂದ ಮಾಡುತ್ತೇನೆ. ಮಕ್ಕಳು ಎದ್ದ ತಕ್ಷಣ ವಾಪಸ್ಸು.

೬ ಮಾರ್ಚ್, ಶನಿವಾರ. ಮಧ್ಯಾಹ್ನ ೩.೧೦

ಹಾಸನದ ಎರಡು ಸಂಸಾರ ಬಂದಿವೆ. ಐದು ಮಕ್ಕಳು. ದಿವ್ಯಾಳೂ ಇಳಿದಿದ್ದಾಳೆ. ಇವರು ದಂಡೆಯಲ್ಲಿ ಕೂತಿದ್ದಾರೆ. ಎಣಿಸುವುದು ಇಲ್ಲಿಗೆ ಕೇಳುತ್ತಿದೆ. ಎಂಟು, ಒಂಬತ್ತು…

ಫ್ಯೂಸ್ ಡಬ್ಬಿಯಲ್ಲಿದೆ. ಎರಡು ಸಲ ಮುಟ್ಟಿ ನೋಡಿದೆ. ಅದಕ್ಕೇ ಕೂತು ಬರೆಯುವ ಧೈರ್ಯ. ಚಹಾಕ್ಕೆ ನೀರಿಟ್ಟಿದ್ದೇನೆ. ದೀಪ ಹಾಕುವವರು ಮುಂದಿನ ವಾರ ಬರುತ್ತಾರಂತೆ. ಮಾವನಿಗೆ ಚೀಟಿ ಬರೆದು ಕೊಟ್ಟರೆ ಹೇಗೆ? ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದಲ್ಲ. ಇವತ್ತೇ ಬರೆ

ಅಡುಗೆಮನೆ ಬಲ್ಬು ಒಮ್ಮೆ ಮಂಕಾಗಿ ಜೋರಾಯಿತು. ತ್ರೀ ಫೇಸ್. ಬರಲಿ. ಡಬ್ಬಿ ಇಲ್ಲೇ ಇದೆ.

ಮೋಟಾರ್ ಸದ್ದು.

ಫ್ಯೂಸ್ ನನ್ನ ಕೈಯಲ್ಲಿದೆ. ಮತ್ತೆ ಅದು ಹೇಗೆ —

೧೬ ಮಾರ್ಚ್

ಮನೆಗೆ ಬಂದೆವು. ದಿವ್ಯಾ ಮಲಗಿದ್ದಾಳೆ. ಉಸಿರಾಡುತ್ತಿದ್ದಾಳೆ. ಈಗಷ್ಟೇ ನೋಡಿ ಬಂದೆ.

ಗುಡ್ಡವೆಲ್ಲ ಹೂವು. ಬೆಳ್ಳಗೆ. ಆ ವಾರದ ನೀರಿಗೇ ಅರಳಿದ್ದು. ಗೆಸ್ಟುಗಳು ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ನನಗೆ ಆ ವಾಸನೆ ತಡೆಯಲಾಗಲಿಲ್ಲ. ಕಿಟಕಿ ಹಾಕಿದೆ.

೧೯ ಮಾರ್ಚ್

ಬರೆದುಬಿಡುತ್ತೇನೆ. ಬರೆಯದೆ ಹೋದರೆ ದಿನವೂ ಮೊದಲಿಂದ ನಡೆಯುತ್ತದೆ.

ಕೆಂಪಯ್ಯ ಮೂರು ಗಂಟೆಗೆ ನೋಡಲು ಹೋಗಿದ್ದ. ಫ್ಯೂಸ್ ಇರಲಿಲ್ಲ. ಮತ್ತೆ ಬೈಸಿಕೊಳ್ಳಬಾರದು ಎಂದು ಮೂಡಿಗೆರೆಯಿಂದ ಒಂದು ಹೊಸದು ತಂದು ಜೇಬಲ್ಲೇ ಇಟ್ಟುಕೊಂಡಿದ್ದ. ಸಿಕ್ಕಿಸಿದ. ಮಕ್ಕಳು ನೀರಲ್ಲಿದ್ದದ್ದು ಪಂಪ್‌ಮನೆಗೆ ಕಾಣುವುದಿಲ್ಲ. ಕಣಕ್ಕೆ ಹೋದ.

ದಿವ್ಯಾ ರೂಪಾಯಿಗೆ ಮುಳುಗಿದ್ದಳು. ಜಡೆ ಪೈಪಿಗೆ ಹೋಯಿತು. ನಾನು ಓಡಿ ಬಂದಾಗ ಇವರು ನೀರೊಳಗಿದ್ದರು, ಅವಳ ಸೊಂಟ ಹಿಡಿದು ಎಳೆಯುತ್ತಿದ್ದರು. ಬರಲಿಲ್ಲ. ಹಾಸನದ ಮಕ್ಕಳು ಇನ್ನೂ ಎಣಿಸುತ್ತಿದ್ದರು. ಆಟ ಅಂದುಕೊಂಡು. ಮೂವತ್ತೊಂದು, ಮೂವತ್ತೆರಡು…

ನಾನು ಕೂಗಿದೆ. "ಕೆಂಪಯ್ಯಾ, ಮೋಟಾರ್ ಆಫ್ ಮಾಡೋ!" ಆ ಧ್ವನಿ ನನ್ನದೆಂದು ಯಾರಿಗೂ ಗೊತ್ತಾಗಲಿಲ್ಲವಂತೆ. ಕಣದಲ್ಲಿ ಕಾಫಿ ಹರಡುತ್ತಿದ್ದವರೆಲ್ಲ ಎದ್ದು ನಿಂತರಂತೆ. ಕೆಂಪಯ್ಯ ಓಡಿದ. ಮೋಟಾರ್ ನಿಂತಿತು.

ನೀಲಿಯಾಗಿದ್ದಳು. ಹಾಸನದ ಒಬ್ಬರು ಎದೆ ಒತ್ತಿದರು, ಬಾಯಿಗೆ ಗಾಳಿ ಕೊಟ್ಟರು. ಆಮೇಲೆ ಜೀಪು. ಹತ್ತು ದಿನ ಆಸ್ಪತ್ರೆ.

ತಲೆಯ ಹಿಂದೆ ಅಂಗೈಯಗಲ ಚರ್ಮ ಕಿತ್ತಿದೆ. ಅಲ್ಲಿ ಕೂದಲು ಬರುವುದಿಲ್ಲವಂತೆ.

೨೧ ಮಾರ್ಚ್

ಮಾವನಿಗೆ ಹೇಳಿದೆ. ಬಾಯಲ್ಲೇ. ಫ್ಯೂಸ್ ಕಿತ್ತದ್ದು, ಬಚ್ಚಿಟ್ಟದ್ದು, ಕೆಂಪಯ್ಯ ಬೈಸಿಕೊಂಡದ್ದು ನನ್ನಿಂದ – ಎಲ್ಲ. ಕೆಂಪಯ್ಯನೂ ಅಲ್ಲೇ ಇದ್ದ. ಅವನು ಇರುವಾಗಲೇ ಹೇಳಬೇಕಿತ್ತು.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಕೆಂಪಯ್ಯ ಮೆಟ್ಟಿಲಿಳಿಯುವಾಗ ನಿಂತು, "ಒಂದು ಮಾತು ಹೇಳಿದ್ರೆ ನಾನೇ ಕಿತ್ತಿಡ್ತಿದ್ನಲ್ಲ ಅಮ್ಮಾವ್ರೆ" ಅಂದ.

ಅಷ್ಟೇ ಅಂದ.

ಸಂಜೆ ಮಾವ ಅದೇ ಲಿಸ್ಟನ್ನೂ ಪೆನ್ಸಿಲನ್ನೂ ಅಡುಗೆಮನೆಗೇ ತಂದರು. ಅವರು ಅಡುಗೆಮನೆಗೆ ಬಂದದ್ದು ನಾನು ನೋಡಿರಲಿಲ್ಲ. "ಯಾವುದು ಬೇಕು, ನೀನೇ ಗುರುತು ಹಾಕು. ಇಲ್ಲ, ಟ್ಯಾಂಕ್ ಮುಚ್ಚಿಸು ಅಂದ್ರೆ ನಾಳೆನೇ ಮಣ್ಣು ತುಂಬಿಸ್ತೀನಿ."

ಮುಚ್ಚಿಸಿ ಎಂದು ನಾಲಿಗೆ ತುದಿಗೆ ಬಂತು. ಆಗ ಒಳಗಿಂದ ದಿವ್ಯಾ ಕೇಳಿದಳು – "ಅಜ್ಜ, ನಾನಿನ್ನು ಈಜೋ ಹಾಗಿಲ್ವಾ?"

ಗುರುತು ಹಾಕಿದೆ. ತಳಕ್ಕೆ ಒಂದಲ್ಲ, ದೂರ ದೂರ ಎರಡು ಬಾಯಿ, ಎರಡಕ್ಕೂ ಜಾಲರಿ. ಒಂದು ಮುಚ್ಚಿದರೂ ಇನ್ನೊಂದು ಎಳೆಯುತ್ತದೆ, ಹಿಡಿತ ಬರುವುದಿಲ್ಲ ಎಂದು ಲಿಸ್ಟಿನಲ್ಲೇ ಬರೆದಿತ್ತು. ಪೂಲಿಗೇ ಬೇರೆ ಸಣ್ಣ ಮೋಟಾರು, ಫಿಲ್ಟರು. ಬೇಲಿ, ಗೇಟು. ದೀಪಕ್ಕೆ ಅಡ್ಡಗೆರೆ. ಜಲಪಾತಕ್ಕೆ ಅಡ್ಡಗೆರೆ. ಪೆನ್ಸಿಲ್ ಮೊನೆ ಮುರಿಯಿತು.

೪ ಏಪ್ರಿಲ್, ಭಾನುವಾರ. ಸಂಜೆ ೫

ಕೆಲಸ ಮುಗಿಯಿತು. ಸ್ಪ್ರಿಂಕ್ಲರ್ ಮೋಟಾರನ್ನು ಹಳ್ಳದ ಹತ್ತಿರಕ್ಕೇ ಇಳಿಸಿದ್ದಾರೆ. ಹಳೆಯ ಪೈಪಿನ ಬಾಯಿಗೆ ಕಾಂಕ್ರೀಟು.

ಕುಮಾರ್ ಸಣ್ಣ ಮೋಟಾರ್ ಹಾಕಿ ಟವೆಲ್ಲನ್ನು ತಳಕ್ಕೆ ಬಿಟ್ಟು ತೋರಿಸಿದರು. ಜಾಲರಿಯ ಮೇಲೆ ಕೂತಿತು, ಎತ್ತಿದರೆ ಬಂತು. "ಸಾಕಾ ಮೇಡಂ?" ಅಂದರು. "ಇನ್ನೊಂದು ಸಲ ತೋರಿಸಿ, ಈ ಸಲ ಆಚೆ ಕಡೆದಕ್ಕೆ" ಅಂದೆ. ತೋರಿಸಿದರು. ನಾಲ್ಕು ಸಲ ತೋರಿಸಬೇಕಾಯಿತು. ಯಾರೂ ನಗಲಿಲ್ಲ.

ಕೆಂಪಯ್ಯ ಗೇಟನ್ನು ತೆಗೆದು ಬಿಟ್ಟ. ತಾನಾಗಿ ಮುಚ್ಚಿಕೊಂಡಿತು. ಚಿಲಕ ನನ್ನ ಭುಜದೆತ್ತರಕ್ಕಿದೆ. ದಿವ್ಯಾಳಿಗೆ ಎಟುಕುವುದಿಲ್ಲ. ಅವಳನ್ನೇ ನಿಲ್ಲಿಸಿ ಅಳತೆ ನೋಡಿದೆವು.

ಈಗ ಎಲ್ಲ ಸರಿ ಇದೆ. ಸರಿ ಇದೆ ಎಂದು ಬರೆದರೂ ಕೈ ತಣ್ಣಗೇ ಇದೆ. ದಿವ್ಯಾ ಇಲ್ಲೇ ಹೊಸಿಲ ಮೇಲೆ ಕೂತು ಕಾಪಿ ಬರೆಯುತ್ತಿದ್ದಾಳೆ. ತಲೆಗೆ ಕಟ್ಟಿದ ಹಸಿರು ಸ್ಕಾರ್ಫು ಕಾಣುತ್ತಿದೆ.

ಬಲ್ಬು ಮಂಕಾಗಿ ಜೋರಾಯಿತು. ತ್ರೀ ಫೇಸ್ ಬಂತು. ಬರಲಿ. ದೊಡ್ಡ ಮೋಟಾರ್ ಈಗ ಹಳ್ಳದಲ್ಲಿದೆ. ಪೂಲಿಗೂ ಅದಕ್ಕೂ ಸಂಬಂಧವಿಲ್ಲ. ಗೇಟು ಮುಚ್ಚಿದೆ. ಚಿಲಕ ನಾನೇ ಹಾಕಿದ್ದು. ಹಾಕಿದೆ. ಹೊಸಿಲ ಮೇಲೆ ಕಾಪಿ ಪುಸ್ತಕ ಇದೆ, ಪೆನ್ಸಿಲ್ ಇದೆ, ದಿವ್ಯಾ ಕಾಣುತ್ತಿಲ್ಲ —