ನಮ್ಮ ಭಜನೆ ನಿಲ್ಲಿಸಲು ದಿನಾಲೂ ಬನ್ನಿ

ಪ್ರವಾಸಿಗರ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಠಾಣಾಧಿಕಾರಿಗಳೇ,

ಕಾಠ್ಮಂಡುವಿನ ನಮ್ಮ ಗಲ್ಲಿಯನ್ನು ಸುರಕ್ಷಿತವಾಗಿಸುವ ನೆಪದಲ್ಲಿ ನೀವು ಅದನ್ನು ಹೆದರಿಕೆಯ ಜಾಗ ಮಾಡಿಟ್ಟಿದ್ದೀರಿ. ಕತ್ತಲಾದ ಮೇಲೆ ಕಟ್ಟೆಯಲ್ಲಿ ಭಜನೆ ಕೂಡದೆಂಬ ಆದೇಶವನ್ನು ಹಿಂಪಡೆಯಿರೆಂದು ಠಾಣೆಗೆ ಬಂದು ಕೇಳಿದಾಗಲೆಲ್ಲ, ಸಾಹೇಬರು ಗಸ್ತಿಗೆ ಹೋಗಿದ್ದಾರೆಂಬ ಉತ್ತರ ಸಿಕ್ಕಿತು. ತಾವು ಗಸ್ತು ತಿರುಗುವ ಬೀದಿ ಯಾವುದೋ ಗೊತ್ತಿಲ್ಲ, ನಮ್ಮದಂತೂ ಅಲ್ಲ.

ಆ ಕಟ್ಟೆಯನ್ನು ನಮ್ಮ ನೇವಾರ ಸಮುದಾಯದ ಹಿರಿಯರು ಕಟ್ಟಿಸಿದ್ದು. ದಿನವೂ ಮುಸ್ಸಂಜೆಗೆ ಅಲ್ಲಿ ದೀಪ ಹಚ್ಚಿ, ನಾವು ಮುದುಕರು ಮದ್ದಳೆ ತಾಳ ಹಿಡಿದು ಕೂರುತ್ತಿದ್ದೆವು. ನಮ್ಮ ಕೊರಳು ಕೇಳುವಂತಿಲ್ಲ, ಒಪ್ಪುತ್ತೇನೆ. ಆದರೆ ದಾರಿ ತಪ್ಪಿದ ವಿದೇಶಿಯರು ಆ ದೀಪ ನೋಡಿ ಬರುತ್ತಿದ್ದರು. ಬೆನ್ನ ಹಿಂದೆ ಯಾರೋ ಬರುತ್ತಿದ್ದಾರೆಂದು ಅನುಮಾನ ಬಂದ ಹೆಣ್ಣುಮಕ್ಕಳು ನಮ್ಮ ನಡುವೆ ಕೂತು ತಾಳ ಹಾಕುತ್ತಿದ್ದರು. ಹಾಡು ಮುಗಿದ ಮೇಲೆ ಅವರನ್ನು ಮನೆ ಮುಟ್ಟಿಸುತ್ತಿದ್ದೆವು. ಇದಕ್ಕೆ ಸುರಕ್ಷತೆ ಎಂಬ ದೊಡ್ಡ ಹೆಸರಿದೆಯೆಂದು ನಮಗೆ ತಿಳಿದಿರಲಿಲ್ಲ.

ನಮ್ಮ ಹಾಡಿನಿಂದ ಪ್ರವಾಸಿಗರ ನಿದ್ದೆ ಕೆಡುತ್ತದೆಂದು ದೂರು ಬಂತಂತೆ. ಯಾವ ಪ್ರವಾಸಿ? ಯಾವ ದೇಶದವರು? ಮೂಲೆಯ ಡಾನ್ಸ್ ಬಾರಿನ ಸ್ಪೀಕರಿಗೆ ನಮ್ಮ ಕಿಟಕಿಯ ಗಾಜು ಅದುರುತ್ತದೆ, ಅದರಿಂದ ಯಾರ ನಿದ್ದೆಯೂ ಕೆಡುವುದಿಲ್ಲವೇ? ಕಟ್ಟೆಯನ್ನು ಬಿಟ್ಟುಕೊಡಿ ಎಂದು ಆ ಬಾರಿನವರು ಕೇಳಿದ್ದು, ನಾವು ಆಗದೆಂದದ್ದು, ಬೆನ್ನಿಗೇ ನಿಮ್ಮ ಆದೇಶ ಬಂದದ್ದು, ಈಗ ಅಲ್ಲಿ ಬಾರಿನ ಗಿರಾಕಿಗಳ ಬೈಕು ನಿಲ್ಲುತ್ತಿರುವುದು, ಎಲ್ಲವೂ ಕಾಕತಾಳೀಯವೆಂದು ನಂಬಲು ಪ್ರಯತ್ನಿಸುತ್ತಿದ್ದೇನೆ. ಇನ್ನೂ ನಂಬಿಕೆ ಬಂದಿಲ್ಲ.

ನನ್ನ ಸೊಸೆ ರೋಜಿನಾ ಪ್ರವಾಸಿಗರ ಲಾಡ್ಜೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳೆ. ರಾತ್ರಿ ಬೆಳಕಿರುವ, ಜನರಿರುವ ದಾರಿಯಲ್ಲೇ ನಡೆಯಿರಿ ಎಂಬ ನಿಮ್ಮ ಉಪದೇಶದ ಪೋಸ್ಟರು ಅವಳ ತಲೆಯ ಮೇಲಿನ ಗೋಡೆಗೇ ಅಂಟಿದೆ. ಬೆಳಕನ್ನೂ ಜನರನ್ನೂ ಎಬ್ಬಿಸಿ ಕಳಿಸಿದವರು ಅದನ್ನು ಅಚ್ಚುಹಾಕಿಸಿದ್ದಾರೆ. ಮೊನ್ನೆ ಅವಳು ಕೆಲಸ ಮುಗಿಸಿ ಬರುವಾಗ ಬಾರಿನ ಬಾಗಿಲಿನಿಂದ ಇಬ್ಬರು ಹಿಂಬಾಲಿಸಿದರು. ಅವಳು ರೂಢಿಯಂತೆ ಕಟ್ಟೆಗೆ ಓಡಿದಳು. ಅಲ್ಲಿ ಬೈಕುಗಳು ಮಾತ್ರ ಇದ್ದವು. ನಿಮಗೆ ಫೋನ್ ಮಾಡಿದರೆ, "ಅದು ನಮ್ಮ ವ್ಯಾಪ್ತಿಗೆ ಬರುತ್ತಾ ನೋಡ್ತೀವಿ ಮೇಡಂ" ಎಂದರಂತೆ. ಆಮೇಲೆ ನನಗೆ ಮಾಡಿದಳು. "ಮಾವ, ಬೇಗ ಬನ್ನಿ" ಎಂದಷ್ಟೇ ಕೇಳಿಸಿತು.

ನಾನು ಕೋಲು ಹುಡುಕುತ್ತಿದ್ದರೆ ಎದುರುಮನೆಯ ಗೆಳೆಯ ಬೇಖಾರತ್ನ, "ಕೋಲು ಬಿಡೋ, ಮದ್ದಳೆ ತಗೊಂಡು ಬಾ. ನಾವು ಹಾಡಿದ್ರೆ ಪೊಲೀಸ್ರು ಓಡಿ ಬರ್ತಾರೆ" ಎಂದ. ಇಬ್ಬರೂ ಕಟ್ಟೆ ಹತ್ತಿ ಹಾಡು ಎತ್ತಿದೆವು. ಅವಳನ್ನು ಹಿಂಬಾಲಿಸಿದ್ದ ಇಬ್ಬರು ಬೈಕಿಗೆ ಒರಗಿ ನಗುತ್ತಿದ್ದರು. ಪಲ್ಲವಿ ಮುಗಿಯುವುದರೊಳಗೆ ನಿಮ್ಮ ವ್ಯಾನ್ ಬಂತು, ಅವರು ಕಾಲುಕಿತ್ತರು.

"ಏನಜ್ಜ, ಆರ್ಡರ್ ಗೊತ್ತಿಲ್ವಾ? ನಿಲ್ಸಿ" ಎಂದ ನಿಮ್ಮ ಪೇದೆ.

"ಎತ್ತಿದ ಹಾಡು ನಡುವೆ ಬಿಡೋ ಹಾಗಿಲ್ಲಪ್ಪ. ದೇವರು ಮುನಿಸ್ಕೊಂಡ್ರೆ ನಿನ್ನ ಹೆಸರು ಹೇಳ್ಲಾ?" ಎಂದ ಬೇಖಾರತ್ನ.

ಪೇದೆಯೂ ನಮ್ಮವನೇ, ಆ ಕಟ್ಟಳೆ ಬಲ್ಲವನು. ಟೋಪಿ ತೆಗೆದು ನಿಂತ. ಬೇಖಾರತ್ನ ಬೇಕೆಂದೇ ಎಲ್ಲಕ್ಕಿಂತ ಉದ್ದದ ಹಾಡು ಎತ್ತಿದ್ದ. ರೋಜಿನಾ ನಮ್ಮ ನಡುವೆ ಕೂತು ತಾಳ ಹಾಕುತ್ತಿದ್ದಳು. ಅವಳ ತಾಳ ಮತ್ತೆ ಮತ್ತೆ ತಪ್ಪುವುದನ್ನು ಕಂಡು ನನಗೆ ಮೊದಲು ಅಳು ಬಂತು, ಸಿಟ್ಟು ಆಮೇಲೆ ಬಂತು. ಮನೆಗೆ ಬಂದವಳು, "ಮಾವ, ಈ ಕೆಲಸ ಬಿಟ್ಬಿಡ್ತೀನಿ" ಎಂದಳು. ಇಷ್ಟಪಟ್ಟು ಸೇರಿದ ಕೆಲಸ ಅದು. ತಪ್ಪು ಮಾಡಿದವರು ರಾಜಾರೋಷವಾಗಿ ತಿರುಗುತ್ತಿರುವಾಗ ಅವಳೇಕೆ ಮನೆಯಲ್ಲಿ ಕೂರಬೇಕು?

ಆದ್ದರಿಂದ ಆದೇಶ ಹಿಂಪಡೆಯಿರಿ, ಬೈಕು ತೆಗೆಸಿ, ದೂರು ಕೊಟ್ಟವರು ಯಾರೆಂದು ಗಲ್ಲಿಗೆ ತಿಳಿಸಿ. ಅದಾಗುವವರೆಗೆ ನನ್ನ ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಸರಿಯಾಗಿ ನಾವು ಹಾಡು ಎತ್ತುತ್ತೇವೆ. ದಯವಿಟ್ಟು ಅದನ್ನು ನಿಲ್ಲಿಸಲು ಬನ್ನಿ. ಒಂದು ದಿನವೂ ತಪ್ಪಿಸಬೇಡಿ.

ಇಂತಿ,
ನಿಮ್ಮನ್ನು ಕರೆಸಲು ಬೇರೆ ದಾರಿ ಕಾಣದ ಮದ್ದಳೆಗಾರ,
ಹೇರಾಕಾಜಿ ರಂಜಿತ್‌ಕಾರ್